ಕುಂಡದೊಳಗೆ ಗಾಳಿಗೆ ಜಾಗ: ಪರ್ಲೈಟ್, ವರ್ಮಿಕ್ಯುಲೈಟ್, ಪ್ಯೂಮಿಸ್ ಎಷ್ಟು, ಯಾವ ಗಾತ್ರ, ಯಾಕೆ

ಕುಂಡಕ್ಕೆ ತುಂಬುವ ಮಿಶ್ರಣ ಬಿಗಿ ಎನಿಸಿದರೆ "ಎರಡು ಹಿಡಿ ಪರ್ಲೈಟ್ (ಹಗುರವಾದ ಬಿಳಿ ಕಾಳು) ಹಾಕಿಬಿಡಿ" ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಹತ್ತು ಲೀಟರ್ ಮಿಶ್ರಣಕ್ಕೆ ಎರಡು ಹಿಡಿ ಹಾಕಿದರೆ ಆಗುವುದಿಷ್ಟೇ: ಅಲ್ಲಲ್ಲಿ ಬಿಳಿ ಚುಕ್ಕಿ ಕಾಣುತ್ತದೆ. ಬೇರಿಗೆ ಸಿಗುವ ಗಾಳಿ ಹೆಚ್ಚುವುದಿಲ್ಲ. ಕೆಲವು ಸಲ ಇದ್ದದ್ದೂ ಕಡಿಮೆಯಾಗುತ್ತದೆ.

ಒಂದು ಬಕೆಟ್ ತುಂಬ ಉಬ್ಬಿಸಿ ಸುಟ್ಟ ಜೇಡಿಮಣ್ಣಿನ ಗುಂಡುಗಳಿವೆ ಎಂದುಕೊಳ್ಳಿ. ಗುಂಡುಗಳ ನಡುವಿನ ಸಂದು ಒಟ್ಟು ಬಕೆಟ್‌ನ ಸುಮಾರು ಶೇ. 40. ಮೇಲಿಂದ ನುಣ್ಣನೆಯ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸುರಿದು ಅಲುಗಾಡಿಸಿದರೆ ಅದು ಸಂದುಗಳಿಗೆ ಇಳಿದು ಕೂರುತ್ತದೆ, ಬಕೆಟ್‌ನ ಮಟ್ಟ ಏರುವುದೇ ಇಲ್ಲ. ಈಗ ಉಲ್ಟಾ ಮಾಡಿ ನೋಡಿ: ಬಕೆಟ್ ತುಂಬ ಕೊಕೊಪೀಟ್, ನಡುವೆ ಹತ್ತು ಗುಂಡು. ಒಂದೊಂದು ಗುಂಡೂ ತನ್ನ ಗಾತ್ರದಷ್ಟು ಕೊಕೊಪೀಟನ್ನು ಆಚೆ ತಳ್ಳಿ ಅಲ್ಲಿ ಕೂತಿದೆ. ಹೋದ ಕೊಕೊಪೀಟ್ ಜೊತೆ ಅದರ ರಂಧ್ರಗಳೂ ಹೋದವು. ಗುಂಡಿನ ಸುತ್ತ ಹೊಸ ಸಂದೇನೂ ಹುಟ್ಟಲಿಲ್ಲ, ಯಾಕೆಂದರೆ ಸುತ್ತಲೂ ಕೊಕೊಪೀಟ್ ಒತ್ತಿಕೊಂಡೇ ಇದೆ. ಗುಂಡಿಗೆ ಗುಂಡು ತಾಗುವಷ್ಟು ದಟ್ಟವಾದಾಗ, ಮತ್ತು ನುಣುಪು ವಸ್ತು ಆ ಸಂದುಗಳನ್ನು ಪೂರ್ತಿ ತುಂಬಲಾರದಷ್ಟು ಕಡಿಮೆಯಾದಾಗ ಮಾತ್ರ ನಿಜವಾದ ಗಾಳಿದಾರಿ ತೆರೆಯುತ್ತದೆ.

ನಾರು, ತೊಗಟೆ ಚೂರು ಇರುವ ಸಡಿಲ ಮಿಶ್ರಣದಲ್ಲಿ ಪರ್ಲೈಟ್‌ನಂಥ ಕಾಳಿನ ಪಾಲು ಗಾತ್ರದ (ಲೀಟರ್) ಲೆಕ್ಕದಲ್ಲಿ ಶೇ. 25-30 ಆದಾಗಿನಿಂದ ಪರಿಣಾಮ ಕಾಣತೊಡಗುತ್ತದೆ. ನುಣ್ಣನೆಯ ಮಣ್ಣು, ಪುಡಿಪುಡಿ ಕಾಂಪೋಸ್ಟ್ ಹೆಚ್ಚಿರುವ ಮಿಶ್ರಣದಲ್ಲಿ ಅರ್ಧ ದಾಟಿದರೂ ಸಾಲದಿರಬಹುದು. ಅಂಥ ಕಡೆ ಪರ್ಲೈಟ್‌ಗೆ ದುಡ್ಡು ಸುರಿಯುವ ಬದಲು ಮಣ್ಣನ್ನೇ ತೆಗೆದುಹಾಕುವುದು ಜಾಣತನ. 1960ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬೂಡ್ಲಿ ಮತ್ತು ಶೆಲ್ಡ್ರೇಕ್ ರೂಪಿಸಿದ ಪೀಟ್-ಲೈಟ್ ಮಿಶ್ರಣಗಳು ಮಾಡಿದ್ದು ಅದನ್ನೇ: ಮಣ್ಣು ಪೂರ್ತಿ ಹೊರಗೆ. ಒಂದರಲ್ಲಿ ಅರ್ಧ ಪೀಟ್ (ಜೌಗು ನೆಲದಲ್ಲಿ ಅರೆಕೊಳೆತ ಪಾಚಿ), ಅರ್ಧ ವರ್ಮಿಕ್ಯುಲೈಟ್. ಇನ್ನೊಂದರಲ್ಲಿ ಅರ್ಧ ಪೀಟ್, ಅರ್ಧ ಪರ್ಲೈಟ್. ಅರ್ಧ ಎಂದರೆ ಅರ್ಧ, ಹಿಡಿ ಲೆಕ್ಕವಲ್ಲ. ಇವತ್ತಿನ ಹಸಿರುಮನೆ ಮಿಶ್ರಣಗಳಲ್ಲಿ ಬಹುಪಾಲು ಅದರದೇ ಸಂತಾನ.

ಯಾವ ವಸ್ತು ಏನು ಮಾಡುತ್ತದೆ

ಪರ್ಲೈಟ್ ಜ್ವಾಲಾಮುಖಿಯ ಗಾಜು. ಅದರೊಳಗೆ ಶೇ. 2ರಿಂದ 5ರಷ್ಟು ನೀರು ಸೇರಿಕೊಂಡಿರುತ್ತದೆ. ಒಡೆದು, ಸುಮಾರು 900 ಡಿಗ್ರಿ ಸೆಲ್ಸಿಯಸ್ ಕುಲುಮೆಗೆ ಬಿಟ್ಟರೆ ಗಾಜು ಮೆದುವಾಗುತ್ತದೆ, ಒಳಗಿನ ನೀರು ಆವಿಯಾಗಿ ಕಾಳನ್ನು ಹಲವು ಪಟ್ಟು ಅರಳಿಸುತ್ತದೆ. ಬೆಳ್ಳಗಾಗುವುದು ಒಳಗಿನ ಲೆಕ್ಕವಿಲ್ಲದಷ್ಟು ಗುಳ್ಳೆಗಳಿಂದ. ಒಂದು ಕಾಳನ್ನು ಉಗುರಿನಲ್ಲಿ ಒಡೆದು ಭೂತಗನ್ನಡಿಯಲ್ಲಿ ನೋಡಿದರೆ ವಿಷಯ ತಿಳಿಯುತ್ತದೆ: ಹೊರಮೈಯಲ್ಲಿ ಒಡೆದ ಗುಳಿಗಳಿವೆ, ಒಳಗೆ ಮುಚ್ಚಿದ ಗುಳ್ಳೆಗಳಿವೆ. ನೀರು ನಿಲ್ಲುವುದು ಹೊರಗಿನ ಗುಳಿಗಳಲ್ಲಿ. ಒಳಗಿನ ಗಾಳಿ ಬೇರಿಗೆ ಯಾವತ್ತೂ ಸಿಗುವುದಿಲ್ಲ. ಅದರಿಂದ ತೂಕ ಕಡಿಮೆಯಾಗುತ್ತದೆ, ಅಷ್ಟೇ. ಬೇರು ಉಸಿರಾಡುವುದು ಕಾಳು ಕಾಳಿನ ನಡುವಿನ ಸಂದಿನಲ್ಲಿ. ಹಾಗಾಗಿ ಸಣ್ಣ ಕಾಳಿನ ಪರ್ಲೈಟ್ ನೀರು ಹಿಡಿಯುವ ವಸ್ತು, ದಪ್ಪ ಕಾಳಿನದು ನೀರು ಬಸಿಯುವ ವಸ್ತು. ಚೀಲದ ಮೇಲೆ ಹೆಸರು ಒಂದೇ ಇದ್ದರೂ ಕೆಲಸ ಎರಡು. ಪೋಷಕಾಂಶ ಹಿಡಿದಿಡುವ ಶಕ್ತಿ ಪರ್ಲೈಟ್‌ಗೆ ಇಲ್ಲವೆನ್ನುವಷ್ಟು ಕಡಿಮೆ. ಪಿಎಚ್ (ಹುಳಿ-ಕ್ಷಾರದ ಅಳತೆ) 6.5ರಿಂದ 7.5.

ಇದು ಥರ್ಮೋಕೋಲ್ ಚೂರೇ ಎಂದು ಅನುಮಾನ ಬಂದರೆ ಬೆರಳ ನಡುವೆ ಹಿಸುಕಿ. ಪರ್ಲೈಟ್ ಕರಕರ ಎಂದು ಪುಡಿಯಾಗುತ್ತದೆ. ಥರ್ಮೋಕೋಲ್ ಅದುಮಿದಂತೆ ಅದುಮಿ ಮತ್ತೆ ಉಬ್ಬುತ್ತದೆ.

ವರ್ಮಿಕ್ಯುಲೈಟ್ ಅಭ್ರಕದ ಜಾತಿಯ ಖನಿಜ. ಹಾಳೆ ಹಾಳೆಯಾಗಿರುವ ಇದನ್ನು ಕಾಯಿಸಿದರೆ ಹಾಳೆಗಳ ನಡುವಿನ ನೀರು ಆವಿಯಾಗಿ, ಹಾರ್ಮೋನಿಯಂ ತಿದಿ ಬಿಚ್ಚಿಕೊಂಡಂತೆ ಒಂದೇ ದಿಕ್ಕಿಗೆ ಉದ್ದವಾಗುತ್ತದೆ. ಕಾಯಿಸುವಾಗ ಹುಳು ಹೊರಳಿದಂತೆ ಕಾಣುವುದರಿಂದಲೇ ಲ್ಯಾಟಿನ್ ಮೂಲದ ಆ ಹೆಸರು. ಹಾಳೆಗಳ ನಡುವೆ ನೀರು ನಿಲ್ಲುತ್ತದೆ, ಪೊಟ್ಯಾಸಿಯಂ, ಮೆಗ್ನೀಸಿಯಂ, ಅಮೋನಿಯಂ ಕೂಡ ನಿಲ್ಲುತ್ತವೆ. ಗೊಬ್ಬರ ಹಿಡಿದಿಡುವ ಶಕ್ತಿ ಪರ್ಲೈಟ್‌ಗೆ ಹೋಲಿಸಲೇಬಾರದಷ್ಟು ಹೆಚ್ಚು. ಆದರೆ ತಿದಿ ಒಮ್ಮೆ ಅಮುಕಿತೆಂದರೆ ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಒದ್ದೆ ವರ್ಮಿಕ್ಯುಲೈಟನ್ನು ಹೆಬ್ಬೆರಳಿನಿಂದ ಒತ್ತಿದರೆ ಚಪ್ಪಟೆಯಾಗಿ, ಹೊಳೆಯುವ ಜಾರು ಪದರವಾಗುತ್ತದೆ. ಕುಂಡ ತುಂಬುವಾಗ ಗುದ್ದಿ ಗುದ್ದಿ ತುಂಬುವವರ ಕೈಯಲ್ಲಿ ಆಗುವುದು ಅದೇ. ಭಾರದ ಮರಳಿನ ಜೊತೆ ಬೆರೆಸಿದರೂ ಅಷ್ಟೇ, ಮರಳು ಅದನ್ನು ಅರೆದುಹಾಕುತ್ತದೆ.

ಹಳೆಯ ದಾಸ್ತಾನಿನ ವರ್ಮಿಕ್ಯುಲೈಟ್ ಎಲ್ಲಾದರೂ ಮೂಲೆಯಲ್ಲಿ ಸಿಕ್ಕಿದರೆ ಬಳಸಬೇಡಿ. ಅಮೆರಿಕದ ಮೊಂಟಾನಾದ ಲಿಬ್ಬಿ ಗಣಿಯ ವರ್ಮಿಕ್ಯುಲೈಟ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಬೆರೆತಿತ್ತು. ಆ ಗಣಿ 1990ರಲ್ಲಿ ಮುಚ್ಚಿತು. ವರ್ಮಿಕ್ಯುಲೈಟ್ ಎಂದರೆ ಕಲ್ನಾರು ಎಂಬ ಭಯ ಹುಟ್ಟಿದ್ದು ಆ ಒಂದು ಗಣಿಯಿಂದ. ಖನಿಜವೇ ಕಲ್ನಾರಲ್ಲ.

ಪ್ಯೂಮಿಸ್ ಕುಲುಮೆಯ ಹಂಗಿಲ್ಲದ ಕಲ್ಲು, ಜ್ವಾಲಾಮುಖಿಯೇ ಉಬ್ಬಿಸಿಕೊಟ್ಟದ್ದು. ಒಡೆದು ಜರಡಿ ಹಿಡಿದರೆ ಆಯಿತು. ಪರ್ಲೈಟ್‌ಗಿಂತ ಗಟ್ಟಿ, ಭಾರ, ವರ್ಷಗಟ್ಟಲೆ ಆಕಾರ ಬಿಡುವುದಿಲ್ಲ, ನೀರು ಹಾಕಿದಾಗ ಅಷ್ಟು ಸುಲಭವಾಗಿ ತೇಲಿ ಮೇಲೆ ಬರುವುದಿಲ್ಲ. ಎರಡು ಮೂರು ವರ್ಷ ಕುಂಡ ಬದಲಿಸದೆ ಇಡುವ ಗಿಡಕ್ಕೆ ನನ್ನ ಮತ ಪ್ಯೂಮಿಸ್‌ಗೆ.

ಜೇಡಿ ಗುಂಡುಗಳನ್ನು, ಲೆಕಾ ಎಂದು ಮಾರುವುದನ್ನು, ಸುತ್ತುವ ಗೂಡಿನಲ್ಲಿ 1,100-1,200 ಡಿಗ್ರಿಯಲ್ಲಿ ಸುಡುತ್ತಾರೆ. ಹೊರಗೆ ಗಟ್ಟಿ ಚಿಪ್ಪು, ಒಳಗೆ ಜೇನುಗೂಡು. ಇದರ ಅಣ್ಣ ಉಬ್ಬಿಸಿದ ಶೇಲ್ ಕಲ್ಲು: ಅಮೆರಿಕದ ಇಟ್ಟಿಗೆ ತಯಾರಕ ಸ್ಟೀಫನ್ ಹೇಡ್ 1918ರಲ್ಲಿ ಪೇಟೆಂಟ್ ಪಡೆದದ್ದು. ಸುಡುವಾಗ ಉಬ್ಬಿ ಹಾಳಾಗುತ್ತಿದ್ದ ಇಟ್ಟಿಗೆಗಳೇ ಅದರ ಹುಟ್ಟಿಗೆ ಕಾರಣ. ಹಗುರ ಕಾಂಕ್ರೀಟ್‌ಗೆಂದು ಬಂದ ವಸ್ತು ಆಮೇಲೆ ಕುಂಡಕ್ಕೂ ಬಂತು.

ತೂಕದ ಅಂದಾಜು ಗೊತ್ತಿದ್ದರೆ ಅಂಗಡಿಯಲ್ಲಿ ಮೋಸಹೋಗುವುದಿಲ್ಲ. ಒಣಗಿದ ಸ್ಥಿತಿಯಲ್ಲಿ ಹತ್ತು ಲೀಟರ್ ಪರ್ಲೈಟ್ ಅಥವಾ ವರ್ಮಿಕ್ಯುಲೈಟ್ ಒಂದು ಕಿಲೋ ಆಸುಪಾಸು, ಲೆಕಾ 3ರಿಂದ 4 ಕಿಲೋ, ಪ್ಯೂಮಿಸ್ 5ರಿಂದ 7, ಮರಳು 15-16. ಪರ್ಲೈಟ್ ಅದಕ್ಕಿಂತ ತುಂಬ ಭಾರವಿದ್ದರೆ ಒಂದೋ ನೀರು ಕುಡಿದಿದೆ, ಇಲ್ಲವೇ ಸರಿಯಾಗಿ ಅರಳದ ಕಾಳು ತುಂಬಿದೆ. ಈ ವಸ್ತುಗಳನ್ನು ಯಾವಾಗಲೂ ಲೀಟರ್ ಲೆಕ್ಕದಲ್ಲಿ ಅಳೆಯಬೇಕು, ಕಿಲೋ ಲೆಕ್ಕದಲ್ಲಿ ಅಲ್ಲ.

ತೂಕ ಬರೀ ಸಾಗಾಟದ ವಿಷಯವಲ್ಲ. ಆರು ಲೀಟರ್‌ನ ತೂಗುಕುಂಡದಲ್ಲಿ ಶೇ. 30 ಮರಳು ಹಾಕಿದರೆ ಮರಳೊಂದೇ 2.8 ಕಿಲೋ. ಅದೇ ಜಾಗದಲ್ಲಿ ಪರ್ಲೈಟ್ ಇದ್ದರೆ ಸುಮಾರು 180 ಗ್ರಾಂ. ನೂರು ಕುಂಡ ತೂಗಿದರೆ ಹಸಿರುಮನೆಯ ಪೈಪುಗಳ ಮೇಲೆ ಕಾಲು ಟನ್ನಿಗೂ ಮೀರಿದ ವ್ಯತ್ಯಾಸ, ನೀರಿನ ಭಾರ ಬೇರೆ. ಇದರ ಇನ್ನೊಂದು ಮುಖವೂ ಇದೆ: ಎತ್ತರ ಬೆಳೆಯುವ ಗಿಡ ಹಗುರ ಕುಂಡದಲ್ಲಿ ಫ್ಯಾನಿನ ಗಾಳಿಗೇ ಮಗುಚುತ್ತದೆ. ಅಲ್ಲಿ ಪರ್ಲೈಟ್ ಜಾಗಕ್ಕೆ ಪ್ಯೂಮಿಸ್ ಬರಲಿ.

ತಳದಲ್ಲಿ ನಿಲ್ಲುವ ನೀರು

ಕುಂಡದ ತಳಕ್ಕೆ ಎರಡು ಇಂಚು ಲೆಕಾ ಅಥವಾ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಎಷ್ಟು ಹೇಳಿದರೂ ಹೋಗುವುದಿಲ್ಲ. ಒಂದು ಸ್ಪಂಜನ್ನು ನೀರಲ್ಲಿ ಅದ್ದಿ, ಅಡ್ಡಲಾಗಿ ಅಂಗೈ ಮೇಲೆ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ. ಹಿಂಡದೆಯೇ ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ರಂಧ್ರ ಅವೇ, ಎತ್ತರ ಮಾತ್ರ ಬದಲಾಯಿತು. ಕುಂಡದ ತಳದಲ್ಲೂ ಹೀಗೆಯೇ, ಮಿಶ್ರಣದ ರಂಧ್ರಗಳು ಹಿಡಿದುಕೊಂಡ ಒಂದು ನೀರಿನ ಪಟ್ಟಿ ಯಾವಾಗಲೂ ಇರುತ್ತದೆ. ಅದರ ದಪ್ಪವನ್ನು ತೀರ್ಮಾನಿಸುವುದು ರಂಧ್ರದ ಗಾತ್ರ, ಕುಂಡದ ಎತ್ತರವಲ್ಲ. ರಂಧ್ರ ಸಣ್ಣದಾದಷ್ಟೂ ಪಟ್ಟಿ ದಪ್ಪ.

ತಳದಲ್ಲಿ ಜಲ್ಲಿ ಹಾಕಿದರೆ ಮಿಶ್ರಣದ ತಳ ಆ ಜಲ್ಲಿಯ ಮೇಲಕ್ಕೆ ಬಂತು, ನೀರಿನ ಪಟ್ಟಿಯೂ ಅದರೊಂದಿಗೆ ಮೇಲೇರಿತು. ಬೇರಿಗೆ ಉಳಿದ ಒಣ ಜಾಗ ಇನ್ನೂ ಕಿರಿದಾಯಿತು. ಆ ಲೆಕಾವನ್ನು ತಳದಿಂದ ತೆಗೆದು ಮಿಶ್ರಣದ ತುಂಬ ಹರಡಿದರೆ, ಸಾಕಷ್ಟು ಪ್ರಮಾಣವಿದ್ದರೆ, ಉಪಯೋಗ ಉಂಟು.

ಇದೇ ಲೆಕ್ಕದಿಂದ ಇನ್ನೊಂದು ವಿಷಯ ಹೊರಡುತ್ತದೆ. ಒಂದೇ ಮಿಶ್ರಣ ಎಲ್ಲ ಎತ್ತರದ ಪಾತ್ರೆಗೂ ಒಂದೇ ಥರ ಅಲ್ಲ. 15 ಸೆಂಟಿಮೀಟರ್ ಕುಂಡದಲ್ಲಿ ಬಸಿದ ಮೇಲೆ ಶೇ. 20ರಷ್ಟು ಗಾಳಿ ಉಳಿಸುವ ಪೀಟ್-ವರ್ಮಿಕ್ಯುಲೈಟ್ ಮಿಶ್ರಣವನ್ನು ಮೂರು ಸೆಂಟಿಮೀಟರ್ ಆಳದ ಪ್ರೊಟ್ರೇ (ಸಸಿ ಬೆಳೆಸುವ ಗುಳಿಗಳ ಟ್ರೇ) ಗುಳಿಗೆ ತುಂಬಿದರೆ ಗಾಳಿ ಒಂದಂಕಿಗೆ ಇಳಿಯುತ್ತದೆ. ಗುಳಿಯ ಬಹುಪಾಲು ನೀರಿನ ಪಟ್ಟಿಯೊಳಗೇ ಮುಳುಗಿರುತ್ತದೆ. ಸಸಿಯ ಬುಡ ಕೊಳೆಯುವುದಕ್ಕೆ ಶಿಲೀಂಧ್ರವನ್ನು ಬೈಯುವ ಮುಂಚೆ ಗುಳಿಯ ಆಳ ನೋಡಬೇಕು. ಕಡಿಮೆ ಆಳದ ಟ್ರೇಗೆ ನೀರು ಹಾಕುವ ಕೈ ಹಗುರವಾಗಿರಬೇಕು.

ಅಳೆದು ನೋಡುವುದು ಹೇಗೆ

ಈ ಪರೀಕ್ಷೆಗೆ ಬೇಕಾದ್ದು ಟೇಪು, ಅಳತೆಯ ಜಗ್ಗು, ಒಂದು ತಟ್ಟೆ. ಗಿಡ ನೆಡುವ ಕುಂಡದಲ್ಲೇ ಮಾಡಿ, ಬೇರೆ ಎತ್ತರದ ಡಬ್ಬಿಯಲ್ಲಿ ಬಂದ ಅಂಕಿ ನಿಮ್ಮ ಕುಂಡಕ್ಕೆ ಹೊಂದುವುದಿಲ್ಲ.

ಮೊದಲು ಕುಂಡದ ಒಳಗೆ ಪ್ಲಾಸ್ಟಿಕ್ ಹಾಳೆ ಹರಡಿ, ಅಂಚಿನಿಂದ ಒಂದೆರಡು ಸೆಂಟಿಮೀಟರ್ ಕೆಳಗೆ ಗೆರೆ ಎಳೆದು, ಅಲ್ಲಿಯವರೆಗೆ ಎಷ್ಟು ನೀರು ಹಿಡಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ. 1,500 ಮಿಲಿಲೀಟರ್ ಎನ್ನೋಣ. ಹಾಳೆ ತೆಗೆದು ಮಿಶ್ರಣ ತುಂಬಿ, ಮಾಮೂಲಿನಂತೆ ನೀರು ಹಾಕಿ, ಕುಸಿದಷ್ಟು ಮತ್ತೆ ತುಂಬಿ. ಎರಡು ಮೂರು ಸಲ ಹೀಗೆ ಮಾಡಿದ ಮೇಲೆ ಮಟ್ಟ ಗೆರೆಯ ಹತ್ತಿರ ನಿಲ್ಲುತ್ತದೆ. ಈಗ ತಳದ ತೂತುಗಳಿಗೆ ಹೊರಗಿನಿಂದ ಟೇಪು ಬಿಗಿದು, ಅಂಚಿನಿಂದ ನಿಧಾನವಾಗಿ ನೀರು ಬಿಡಿ. ರಭಸದಿಂದ ಸುರಿದರೆ ಗಾಳಿಗುಳ್ಳೆ ಒಳಗೇ ಸಿಕ್ಕಿಕೊಳ್ಳುತ್ತದೆ. ಪರ್ಲೈಟ್ ತೇಲಿದರೆ ಮೇಲೆ ಒಂದು ಜಾಲರಿ ಇಟ್ಟು ಅದುಮಿ. ಮೇಲ್ಮೈ ನೀರಿನಿಂದ ಮಿನುಗಿದಾಗ ನಿಲ್ಲಿಸಿ, ಒಂದು ಗಂಟೆ ಬಿಟ್ಟು, ಇಳಿದಷ್ಟು ಮತ್ತೆ ತುಂಬಿ. ಆಮೇಲೆ ತಟ್ಟೆಯ ಮೇಲೆ ಎರಡು ಕಡ್ಡಿ ಇಟ್ಟು, ಅದರ ಮೇಲೆ ಕುಂಡ ಇಟ್ಟು, ಟೇಪು ಕಿತ್ತು, ತೊಟ್ಟಿಕ್ಕುವುದು ನಿಲ್ಲುವವರೆಗೆ ಬಿಡಿ. ಕುಂಡವನ್ನು ಓರೆ ಮಾಡಬೇಡಿ, ಓರೆ ಮಾಡಿದರೆ ಸ್ಪಂಜು ನಿಲ್ಲಿಸಿದಂತಾಗಿ ಹೆಚ್ಚು ನೀರು ಬರುತ್ತದೆ.

ತಟ್ಟೆಗೆ 180 ಮಿಲಿಲೀಟರ್ ಬಂತು ಎಂದರೆ 180 ಭಾಗಿಸು 1,500, ಅಂದರೆ ಶೇ. 12. ಬಸಿದುಹೋದ ನೀರಿನ ಜಾಗಕ್ಕೆ ಗಾಳಿ ಬಂದಿದೆ, ಅದೇ ನಿಮ್ಮ ಗಾಳಿಯ ಪಾಲು. ಶೇ. 10ಕ್ಕಿಂತ ಕಡಿಮೆಯಿದ್ದರೆ ಹಸಿರುಮನೆಯ ಹೆಚ್ಚಿನ ಕುಂಡಗಿಡಗಳು ತೇವದ ದಿನಗಳಲ್ಲಿ ನರಳುತ್ತವೆ. ಎಲೆಗಿಡಗಳಿಗೆ 15ರಿಂದ 25 ಒಳ್ಳೆಯದು. ಮಂಜಿನಂತೆ ನೀರು ಸಿಂಪಡಿಸಿ ಬೇರು ಬಿಡಿಸುವ ಕಡ್ಡಿಗಳಿಗೆ 20 ದಾಟಿರಲಿ. ಆಂಥೂರಿಯಂ, ಮರದ ಮೇಲೆ ಬೆಳೆಯುವ ಆರ್ಕಿಡ್‌ಗಳಂಥವಕ್ಕೆ 30 ಕೂಡ ಹೆಚ್ಚಲ್ಲ. ಅಂಕಿ ಸಾಲದಿದ್ದರೆ ಪರ್ಲೈಟ್ ಪ್ರಮಾಣ ಏರಿಸುವ ಮುಂಚೆ ಅದನ್ನು ಜರಡಿ ಹಿಡಿದು ನೋಡಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಜರಡಿ ಯಾಕೆಂದರೆ, ಸಾಗಾಟದಲ್ಲಿ ಕುಲುಕಿ ಕುಲುಕಿ ಪರ್ಲೈಟ್ ಪುಡಿಯೆಲ್ಲ ಚೀಲದ ತಳ ಸೇರಿರುತ್ತದೆ. ಚೀಲದ ಮೇಲಿನ ಭಾಗದಿಂದ ಮಾಡಿದ ಕುಂಡಗಳು ಚೆನ್ನಾಗಿ ಬಂದು, ಕೊನೆಯ ಕಾಲುಭಾಗದಿಂದ ಮಾಡಿದವು ಕೆಸರಾಗುವುದು ಇದಕ್ಕೇ. 2 ಮಿಲಿಮೀಟರ್ ಜರಡಿಯಲ್ಲಿ ಹಿಡಿದು, ಮೇಲೆ ಉಳಿದದ್ದನ್ನು ಕುಂಡಕ್ಕೆ, ಕೆಳಗೆ ಬಿದ್ದದ್ದರಲ್ಲಿ 1 ಮಿಲಿಮೀಟರ್ ಮೇಲಿನದನ್ನು ಬೀಜದ ಟ್ರೇಗೆ ಬಳಸಿ. ಅದಕ್ಕೂ ಕೆಳಗಿನ ಹಿಟ್ಟು ಕುಂಡಕ್ಕೆ ಬೇಡ, ಅದು ಹೋಗಿ ಸೇರುವುದು ನೀರಿನ ಪಟ್ಟಿಯೊಳಕ್ಕೇ.

ಪ್ರಮಾಣ

ಎಲ್ಲವೂ ಗಾತ್ರದ ಲೆಕ್ಕ. ಸಣ್ಣದು ದೊಡ್ಡದರ ಸಂದಿಗೆ ಇಳಿಯುವುದರಿಂದ ಬೆರೆಸಿದ ಮೇಲೆ ಒಟ್ಟು ಕುಗ್ಗುತ್ತದೆ. ನೂರು ಲೀಟರ್ ಮಿಶ್ರಣ ಕೈಗೆ ಬರಬೇಕಾದರೆ ಬಿಡಿಬಿಡಿಯಾಗಿ 115ರಿಂದ 120 ಲೀಟರ್ ಅಳೆದುಕೊಳ್ಳಬೇಕು.

ಸಾಮಾನ್ಯ ಎಲೆಗಿಡಗಳಿಗೆ, 12ರಿಂದ 20 ಸೆಂಟಿಮೀಟರ್ ಕುಂಡದಲ್ಲಿ, ಕೊಕೊಪೀಟ್ 55 ಪಾಲು, ಜರಡಿ ಹಿಡಿದ ಹಳೆಯ ಕಾಂಪೋಸ್ಟ್ 15, ಮಧ್ಯಮದಿಂದ ದಪ್ಪ ಪರ್ಲೈಟ್ 30. ಕಾಂಪೋಸ್ಟ್ ಹೆಚ್ಚಿಸಿದಷ್ಟೂ ಪರ್ಲೈಟ್ ಹಾಕಿದ್ದು ವ್ಯರ್ಥ. ಬೀಜಕ್ಕೆ ಕೊಕೊಪೀಟ್ ಅಥವಾ ಪೀಟ್ 50, ಸಣ್ಣ ಕಾಳಿನ ವರ್ಮಿಕ್ಯುಲೈಟ್ 35, ಸಣ್ಣ ಪರ್ಲೈಟ್ 15. ಬಿತ್ತಿದ ಮೇಲೆ ಮುಚ್ಚುವುದಕ್ಕೆ ಮಿಶ್ರಣ ಬೇಡ, ಬರೀ ವರ್ಮಿಕ್ಯುಲೈಟ್ 3ರಿಂದ 5 ಮಿಲಿಮೀಟರ್ ಉದುರಿಸಿದರೆ ಸಾಕು. ತೇವ ಆರುವುದಿಲ್ಲ, ಮೇಲ್ಪದರ ಹೆಪ್ಪುಗಟ್ಟುವುದಿಲ್ಲ, ಮೊಳಕೆ ತಳ್ಳಿಕೊಂಡು ಬರುತ್ತದೆ, ಬೆಳಕೂ ಒಂದಿಷ್ಟು ಒಳಗಿಳಿಯುತ್ತದೆ. ಧೂಳಿನಷ್ಟು ಸಣ್ಣ ಬೀಜವನ್ನು ಮಾತ್ರ ಮುಚ್ಚಲೇಬಾರದು.

ಕಡ್ಡಿ ನೆಡಲು ಪರ್ಲೈಟ್ 60, ಕೊಕೊಪೀಟ್ 40. ಇದರಲ್ಲಿ ಗೊಬ್ಬರ ಬೇಡ, ಬೇರು ಬಂದ ಮೇಲೆ ತೆಳುವಾದ ದ್ರವ ಗೊಬ್ಬರ ಶುರುಮಾಡಿದರಾಯಿತು. ಕಳ್ಳಿ ಮತ್ತು ರಸಭರಿತ ಗಿಡಗಳಿಗೆ 3ರಿಂದ 6 ಮಿಲಿಮೀಟರ್ ಪ್ಯೂಮಿಸ್ 60, ಕೊಕೊಪೀಟ್ 25, ಕಾಂಪೋಸ್ಟ್ 15. ಆಂಥೂರಿಯಂ ಥರದವಕ್ಕೆ ತೊಗಟೆ ಚೂರು 40, ತೆಂಗಿನ ಸಿಪ್ಪೆಯ ಚೂರು 30, ದಪ್ಪ ಪರ್ಲೈಟ್ ಅಥವಾ ಸಣ್ಣ ಲೆಕಾ 30.

ಡ್ರಿಪ್ ಇಟ್ಟು ಬರೀ ದಪ್ಪ ಪರ್ಲೈಟ್‌ನಲ್ಲೇ ಟೊಮೆಟೊ, ಸೌತೆ ಬೆಳೆಯುವ ಬಕೆಟ್ ಪದ್ಧತಿಯೂ ಇದೆ. ಬಕೆಟ್‌ನ ತಳದಿಂದ ಎರಡು ಮೂರು ಸೆಂಟಿಮೀಟರ್ ಮೇಲೆ ಹೊರಗಂಡಿ ಇಟ್ಟು ಅಷ್ಟು ನೀರು ಉಳಿಯುವಂತೆ ಮಾಡಿರುತ್ತಾರೆ. ಪಂಪು ಕೆಟ್ಟ ದಿನ ಗಿಡವನ್ನು ಒಂದಷ್ಟು ಗಂಟೆ ಕಾಯುವುದು ಆ ನೀರೇ. ಅಲ್ಲಿ ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ ನೀರು ಬಿಡಬೇಕು, ಪ್ರತಿ ಹನಿಯಲ್ಲೂ ಗೊಬ್ಬರ ಇರಬೇಕು.

ಬೆರೆಸುವ ಕ್ರಮ

ಪರ್ಲೈಟ್ ಚೀಲದ ಬಾಯಿ ಬಿಚ್ಚಿ ಒಣದಾಗಿ ಸುರಿಯುವುದು ಎಲ್ಲರೂ ಮಾಡುವ ತಪ್ಪು. ಏಳುವ ಧೂಳು ಕಣ್ಣಿಗೆ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಚೀಲದ ಮೂಲೆ ಸ್ವಲ್ಪ ಕತ್ತರಿಸಿ, ಒಳಗೇ ನೀರು ಚಿಮುಕಿಸಿ, ಚೀಲ ಹೊರಳಿಸಿ, ಐದು ನಿಮಿಷ ಬಿಟ್ಟು ಆಮೇಲೆ ತೆಗೆಯಿರಿ. ಹತ್ತು ಲೀಟರ್ ಪರ್ಲೈಟ್‌ಗೆ ಒಂದು ಲೀಟರ್ ನೀರು ಸಾಕು. ಆದರೂ ಮುಖಗವಸು ಇರಲಿ, ಜರಡಿ ಹಿಡಿಯುವಾಗಂತೂ ಬಿಡಲೇಬಾರದು.

ಕೊಕೊಪೀಟ್ ಮೊದಲೇ ನೆನೆದು ಅರಳಿರಬೇಕು. ಕ್ಯಾಲ್ಸಿಯಂ ನೈಟ್ರೇಟ್ ನೀರಿನಲ್ಲಿ ನೆನೆಸಿ ತೊಳೆದದ್ದಾದರೆ ಉತ್ತಮ, ಇಲ್ಲದಿದ್ದರೆ ಅದರಲ್ಲಿರುವ ಸೋಡಿಯಂ, ಪೊಟ್ಯಾಸಿಯಂ ಮೊದಲ ವಾರಗಳಲ್ಲಿ ತೊಂದರೆ ಕೊಡುತ್ತವೆ. ಪೀಟ್ ಬಳಸುವವರು ಅದರ ಹುಳಿ ತಗ್ಗಿಸಲು ಲೀಟರ್‌ಗೆ 3ರಿಂದ 5 ಗ್ರಾಂ ಡಾಲೊಮೈಟ್ ಸುಣ್ಣ ಬೆರೆಸಬೇಕು. ಕೊಕೊಪೀಟ್‌ಗೆ ಅದು ಸಾಮಾನ್ಯವಾಗಿ ಬೇಡ. ಕೊಕೊಪೀಟ್, ಕಾಂಪೋಸ್ಟ್, ಪುಡಿ ಗೊಬ್ಬರ ಮೊದಲು ಚೆನ್ನಾಗಿ ಬೆರೆಯಲಿ. ಆಮೇಲೆ ಪರ್ಲೈಟ್. ವರ್ಮಿಕ್ಯುಲೈಟ್ ಎಲ್ಲಕ್ಕಿಂತ ಕೊನೆಗೆ, ಕೈಯಲ್ಲಿ ಮೇಲೆ ಕೆಳಗೆ ಎತ್ತಿ ಹಾಕಿದಷ್ಟೇ. ಕಾಂಕ್ರೀಟ್ ಮಿಕ್ಸರ್ ಬಳಸುವುದಾದರೆ ಪರ್ಲೈಟ್ ಹಾಕಿದ ಮೇಲೆ ಎರಡು ಮೂರು ನಿಮಿಷ ದಾಟಬಾರದು. ಹತ್ತು ನಿಮಿಷ ತಿರುಗಿಸಿದರೆ ದಪ್ಪ ಪರ್ಲೈಟ್ ಕೊಂಡದ್ದೇ ದಂಡ, ಅಷ್ಟರಲ್ಲಿ ನುರಿದು ಪುಡಿಯಾಗಿರುತ್ತದೆ.

ಹದ ನೋಡುವುದು ಕೈಯಲ್ಲಿ. ಹಿಡಿ ಮಿಶ್ರಣ ಹಿಂಡಿದಾಗ ಬೆರಳಸಂದಿಯಲ್ಲಿ ನೀರಿನ ಹನಿ ಮೂಡಬೇಕು, ಧಾರೆ ಇಳಿಯಬಾರದು. ಕೈ ಬಿಚ್ಚಿದಾಗ ಉಂಡೆ ನಿಂತು, ತಟ್ಟಿದರೆ ಉದುರಬೇಕು. ಒಣದಾಗಿ ತುಂಬಿದ ಕುಂಡ ಮೊದಲ ನೀರಿಗೇ ಕುಸಿಯುತ್ತದೆ, ಪರ್ಲೈಟ್ ಎಲ್ಲ ಮೇಲಕ್ಕೆ ತೇಲುತ್ತದೆ. ತುಂಬಿದ ಮೇಲೆ ಕುಂಡವನ್ನು ಮೇಜಿಗೆ ಒಂದು ಸಲ ಮೆಲ್ಲಗೆ ಕುಟ್ಟಿದರೆ ಸಾಕು. ತುಂಬಿದ ಟ್ರೇಗಳನ್ನು ಒಂದರೊಳಗೊಂದು ಪೇರಿಸಿಟ್ಟರೆ ಕೆಳಗಿನವು ಅಮುಕಿ, ಅಳೆದು ಮಾಡಿದ ಗಾಳಿಯೆಲ್ಲ ಹೋಗುತ್ತದೆ.

ಲೆಕಾಕ್ಕೆ ಬೇರೆಯೇ ಉಪಚಾರ. ಹೊಸ ಗುಂಡುಗಳ ಮೇಲಿನ ಕೆಂಪು ಧೂಳು ಕ್ಷಾರದ್ದಿರಬಹುದು. ನೀರು ತಿಳಿಯಾಗುವವರೆಗೆ ತೊಳೆದು, 24 ಗಂಟೆ ನೆನೆಸಿ, ಆ ನೀರಿನ ಪಿಎಚ್ ನೋಡಿ. 7 ದಾಟಿದ್ದರೆ ನೀರು ಚೆಲ್ಲಿ ಮತ್ತೆ ನೆನೆಸಿ. ಒಣ ಗುಂಡನ್ನು ಹಾಗೇ ಬೆರೆಸಿದರೆ ಮೊದಲ ದಿನಗಳಲ್ಲಿ ಅದು ಸುತ್ತಲಿನ ತೇವವನ್ನೇ ಹೀರಿಕೊಂಡು ಎಳೆ ಬೇರನ್ನು ಒಣಗಿಸುತ್ತದೆ.

ನೀರು ಮತ್ತು ಗೊಬ್ಬರ ಬದಲಾಗಲೇಬೇಕು

ಮಿಶ್ರಣ ಬದಲಿಸಿ ನೀರು ಹಾಕುವ ಅಭ್ಯಾಸ ಹಾಗೇ ಇಟ್ಟುಕೊಂಡರೆ ದೂರು ಶುರು. ಗಾಳಿ ಹೆಚ್ಚಿದ ಕುಂಡದಲ್ಲಿ ನೀರಿನ ದಾಸ್ತಾನು ಕಡಿಮೆ, ಹಾಗಾಗಿ ಸರದಿ ಹತ್ತಿರವಾಗಬೇಕು. ಪ್ರತಿ ಸಲ ಹಾಕಿದ್ದರಲ್ಲಿ ಶೇ. 10-20ರಷ್ಟು ತಳದಿಂದ ಹೊರಬರುವಷ್ಟು ಕೊಡಿ, ಇಲ್ಲದಿದ್ದರೆ ಉಪ್ಪು ಒಳಗೇ ಕೂಡುತ್ತದೆ.

ಪರ್ಲೈಟ್, ಪ್ಯೂಮಿಸ್‌ಗೆ ಪಿಎಚ್ ತಡೆಹಿಡಿಯುವ ಶಕ್ತಿ ಇಲ್ಲ. ಅವು ಹೆಚ್ಚಿದಷ್ಟೂ ಬೇರಿನ ಸುತ್ತಲಿನ ಪಿಎಚ್ಚನ್ನು ನಿಮ್ಮ ನೀರೇ ನಿರ್ಧರಿಸುತ್ತದೆ. ಬೈಕಾರ್ಬನೇಟ್ ಹೆಚ್ಚಿರುವ ಗಡಸು ನೀರಾದರೆ ಕೆಲವೇ ವಾರಗಳಲ್ಲಿ ಪಿಎಚ್ ಏರಿ, ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಎಂಬಂತಾಗುತ್ತದೆ. ಅದು ಕಬ್ಬಿಣ ಬೇರಿಗೆ ಸಿಗದ ಲಕ್ಷಣ. ಕಬ್ಬಿಣದ ಗೊಬ್ಬರ ಸುರಿಯುವ ಮುಂಚೆ ನೀರಿನ ಕ್ಷಾರವನ್ನು ಆಮ್ಲದಿಂದ ತಗ್ಗಿಸುವುದು ಸರಿಯಾದ ದಾರಿ.

ತಿಂಗಳಿಗೆ ಒಂದೆರಡು ಸಲ ಒಳಗಿನ ಸ್ಥಿತಿ ನೋಡಿಕೊಳ್ಳಿ. ನೀರು ಹಾಕಿ ಒಂದು ಗಂಟೆ ಕಳೆದ ಮೇಲೆ, 15 ಸೆಂಟಿಮೀಟರ್ ಕುಂಡಕ್ಕೆ ಸುಮಾರು 100 ಮಿಲಿಲೀಟರ್ ಶುದ್ಧ ನೀರು ಸುರಿದು, ತಳದಿಂದ ಬರುವ ಮೊದಲ 50 ಮಿಲಿಲೀಟರ್ ಹಿಡಿದು ಇಸಿ (ನೀರಿನಲ್ಲಿ ಕರಗಿದ ಉಪ್ಪನ್ನು ತೋರಿಸುವ ವಿದ್ಯುತ್ ವಾಹಕತೆ), ಪಿಎಚ್ ಅಳೆಯಿರಿ. ಬಹುತೇಕ ಎಲೆಗಿಡಗಳಲ್ಲಿ ಇಸಿ ಸೆಂಟಿಮೀಟರ್‌ಗೆ 3.5 ಮಿಲಿಸೀಮೆನ್ಸ್ ದಾಟಿದ್ದರೆ ಬರೀ ನೀರಿನಿಂದ ಕುಂಡ ತೊಳೆಯುವ ಹೊತ್ತು ಬಂದಿದೆ.

ಡ್ರಸೀನಾ, ಸ್ಪೈಡರ್ ಪ್ಲಾಂಟ್‌ಗಳ ಎಲೆತುದಿ ಕಂದಾದರೆ ಪರ್ಲೈಟ್‌ನ ಫ್ಲೋರೈಡ್ ಕಾರಣ ಎನ್ನುವವರಿದ್ದಾರೆ. ಪರ್ಲೈಟ್‌ನಲ್ಲಿ ಸ್ವಲ್ಪ ಇರುತ್ತದೆ ನಿಜ, ಆದರೆ ಸೂಪರ್‌ಫಾಸ್ಫೇಟ್ ಗೊಬ್ಬರದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು, ಫ್ಲೋರೈಡ್ ಬೆರೆಸಿದ ನಲ್ಲಿ ನೀರಿನಲ್ಲೂ ದಿನವೂ ಬರುತ್ತದೆ. ಆ ಎರಡನ್ನು ಮೊದಲು ನಿಲ್ಲಿಸಿ, ಪಿಎಚ್ಚನ್ನು 6ರಿಂದ 6.5ರ ನಡುವೆ ಇಟ್ಟುಕೊಳ್ಳಿ. ಆ ಮಟ್ಟದಲ್ಲಿ ಫ್ಲೋರೈಡ್ ಗಿಡಕ್ಕೆ ಹತ್ತುವುದು ಕಡಿಮೆ. ಪರ್ಲೈಟನ್ನು ಒಂದೆರಡು ಸಲ ತೊಳೆದು ಬಳಸಿದರೆ ಆ ಚಿಂತೆಯೂ ಬೇಡ.

ಕಣ್ಣಿಗೆ ಬೀಳುವ ಕೆಲವು ಲಕ್ಷಣಗಳಿಗೆ ಹೆದರಬೇಕಿಲ್ಲ. ಮೇಲಿನ ಪರ್ಲೈಟ್ ಹಸಿರಾದರೆ ಅದು ಪಾಚಿ: ಬೆಳಕು, ತೇವ, ಗೊಬ್ಬರ ಮೂರೂ ಅಲ್ಲಿವೆ. ಗಿಡಕ್ಕೆ ನೇರ ಕೇಡಿಲ್ಲ, ಆದರೆ ಮೇಲ್ಮೈ ಒಣಗುತ್ತಲೇ ಇಲ್ಲ ಎಂಬ ಸೂಚನೆ, ತೇವದ ಸಣ್ಣ ನೊಣಗಳಿಗೂ ಅದು ಆಹ್ವಾನ. ಲೆಕಾ ಮೇಲೆ ಬಿಳಿ ಕಟ್ಟಿದರೆ ಮಾತ್ರ ಉಪೇಕ್ಷೆ ಬೇಡ. ಗುಂಡು ತಳದ ನೀರನ್ನು ಮೇಲಕ್ಕೆಳೆದು ಆವಿಯಾಗಿಸುತ್ತದೆ, ಉಪ್ಪು ಮೇಲೇ ಉಳಿಯುತ್ತದೆ. ಅದು ಕಾಂಡದ ಬುಡ ಸುಡುವ ಮುಂಚೆ ಮೇಲಿನಿಂದ ಧಾರಾಳ ನೀರು ಹಾಕಿ ತೊಳೆದುಬಿಡಿ.

ಮರುಬಳಕೆ

ವರ್ಮಿಕ್ಯುಲೈಟ್ ಒಂದೇ ಸಲಕ್ಕೆ. ಹಳೆಯದನ್ನು ತೋಟದ ಮಣ್ಣಿಗೆ ಸೇರಿಸಿಬಿಡಿ. ಪರ್ಲೈಟ್ ಕೊಳೆಯುವುದಿಲ್ಲ, ಆದರೆ ಪ್ರತಿ ಸಲ ಒಂದಷ್ಟು ಒಡೆಯುತ್ತದೆ. ಜರಡಿ ಹಿಡಿದು, ಪುಡಿ ಕಳೆದು ಇನ್ನೊಂದೆರಡು ಬೆಳೆಗೆ ಬಳಸಬಹುದು. ಬೇರು ಸಮೇತ ನೀರಿನ ಡ್ರಮ್ಮಿಗೆ ಹಾಕಿ ಕಲಕಿದರೆ ಪರ್ಲೈಟ್ ತೇಲುತ್ತದೆ, ನೆನೆದ ಕೊಕೊಪೀಟ್ ಮುಳುಗುತ್ತದೆ. ಹಗುರವಾಗಿರುವುದರಿಂದ ಬೇಸರ ತರಿಸುವ ಈ ವಸ್ತು ಇಲ್ಲೊಂದು ಕಡೆ ಅದೇ ಗುಣದಿಂದ ಕೆಲಸ ಉಳಿಸುತ್ತದೆ.

ಬೇರುಕೊಳೆ ಬಂದ ಕುಂಡದ್ದಾದರೆ ತೊಳೆದರೆ ಸಾಲದು. ಆವಿ ಹಾಯಿಸಿ ರಾಶಿಯ ನಡುಭಾಗ 70 ಡಿಗ್ರಿ ಮುಟ್ಟಿದ ಮೇಲೆ 30 ನಿಮಿಷ ಇಡಬೇಕು. ಥರ್ಮಾಮೀಟರ್ ಚುಚ್ಚಬೇಕಾದ್ದು ನಡುವಿಗೆ, ಅಂಚಿಗಲ್ಲ. ತುಂಬ ಗಾಳಿ ಹಿಡಿದಿಟ್ಟುಕೊಂಡಿರುವ ವಸ್ತುವಿನಲ್ಲಿ ಬಿಸಿ ನಿಧಾನವಾಗಿ ಒಳಗಿಳಿಯುತ್ತದೆ. ಪ್ಯೂಮಿಸ್ ಮತ್ತು ಲೆಕಾಕ್ಕೂ ಇದೇ ಉಪಚಾರ. ಅವುಗಳ ರಂಧ್ರದಲ್ಲಿ ಸತ್ತ ಬೇರಿನ ಎಳೆಗಳು ಸಿಕ್ಕಿರುತ್ತವೆ, ಹಾಗಾಗಿ ಆವಿಗೆ ಮೊದಲು ಪೂರ್ತಿ ಒಣಗಿಸಿ, ಗೋಣಿಚೀಲದಲ್ಲಿ ಹಾಕಿ ಉಜ್ಜಿ, ಜರಡಿ ಹಿಡಿದರೆ ಹೆಚ್ಚಿನವು ಉದುರುತ್ತವೆ. ಲೆಕಾವನ್ನು ಕೊನೆಗೆ ಮತ್ತೊಮ್ಮೆ ರಾತ್ರಿಯಿಡೀ ನೆನೆಸಿ, ಆ ನೀರಿನ ಇಸಿ ನಲ್ಲಿ ನೀರಿನ ಇಸಿಗೆ ಹತ್ತಿರ ಬಂದ ಮೇಲಷ್ಟೇ ಹೊಸ ಗಿಡಕ್ಕೆ ಹಾಕಿ.